ಹಾಲೆರೆಯುವವರೆಗೆ ಮಾತಿಲ್ಲ

ಮೊನ್ನೆ ನ್ಯಾಮತಿಯ ನಮ್ಮ ಮನೆ ಮುಂದೆ ಕೆಲಸದವರು ಹುತ್ತದ ಮಣ್ಣು ತಂದು ಸುರಿದರು. ಒಲೆ ಕಟ್ಟಾಕೆ ಅದೇ ಗಟ್ಟಿಯಂತೆ. ನೀರು ಹಾಕಿ ಕಲಸಿದಾಗ ಎದ್ದ ವಾಸನೆ ನನಗೆ ತಡೆಯಲಾಗಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಗಟ್ಟಿಮುಟ್ಟಾದ ಹೆಂಗಸು ಮಣ್ಣಿಗೆ ಹೆದರುತ್ತಾಳೆ ಅಂದರೆ ಯಾರು ನಂಬುತ್ತಾರೆ?

ಹನ್ನೆರಡು ವರ್ಷದ ಹಿಂದೆ ನಾನು ಜಗಳೂರು ಕಡೆ, ಕಾಡಿನಂಚಿನ ಹಳ್ಳಿಯೊಂದರಲ್ಲಿ ಟೀಚರ್ ಆಗಿದ್ದೆ. ಕಾಡು ಅಂದರೆ ಮುಳ್ಳು, ಬಂಡೆ, ಕುರುಚಲು. ಬಂಡೆಗೆ ಮೈಯೊತ್ತಿ ಮಲಗಿದ ಉಡ, ಪೊದೆಯಲ್ಲಿ ಹಾವು, ಗವಿಗಳಲ್ಲಿ ಕರಡಿ. ಪಕ್ಕದ ಮನೆ ಅಕ್ಕ ಅದರೊಳಗೇ ಸೀತಾಫಲ ಕೀಳಲು ಹೋಗೋರು. ಕಿವಿ ಸ್ವಲ್ಪ ಮಂದ, ಅದಕ್ಕೇ ಗಂಟಲು ದೊಡ್ಡದು. ಗಂಡನನ್ನು, ನಾದಿನಿಯನ್ನು, ಬಸ್ಸಿನ ಕಂಡಕ್ಟರನ್ನು ಸಾಲಾಗಿ ಬೈಯುತ್ತಾ ನಡೆಯೋರು. ಸದ್ದು ಕೇಳಿದರೆ ಕರಡಿ ತಾನೇ ದಾರಿ ಬಿಡುತ್ತದೆ, ಸುಮ್ಮನೆ ಹೋಗಿ ಎದುರು ಬಿದ್ದರೆ ಮುಖ ಉಳಿಯಲ್ಲ ಅನ್ನೋರು. ಬೈಯಾಕೆ ಜನ ಸಾಲದಿದ್ದಾಗ ನನ್ನನ್ನೂ ಬೈದದ್ದುಂಟು.

ನನಗೆ ಮದುವೆಯಾಗಿ ಆರು ವರ್ಷವಾದರೂ ಮಕ್ಕಳಿರಲಿಲ್ಲ. ನನ್ನನ್ನು ಕೇಳದೆಯೇ ಅಕ್ಕ ಹರಕೆ ಹೊತ್ತುಬಿಟ್ಟರು. ಕಾಡಿನೊಳಗಿನ ದೊಡ್ಡ ಹುತ್ತಕ್ಕೆ ಐದು ಸೋಮವಾರ ಹಾಲೆರೆಯಬೇಕು. ಮನೆ ಬಿಟ್ಟಾಗಿನಿಂದ ಹಾಲೆರೆಯುವವರೆಗೆ ಇಬ್ಬರೂ ಒಂದು ಮಾತೂ ಆಡಬಾರದು, ಆಡಿದರೆ ಹರಕೆ ಕೆಟ್ಟಂತೆ. ಮತ್ತೆ ಕರಡಿ ಬಂದರೆ ಅಂತ ಕೇಳಿದೆ. ನಾಗಪ್ಪ ನೋಡಿಕೊಳ್ಳುತ್ತಾನೆ ಅಂದರು. ನಾಲ್ಕು ಸೋಮವಾರ ನೋಡಿಕೊಂಡ.

ಐದನೆಯ ಸೋಮವಾರ, ಎಳೆ ಬಿಸಿಲು. ಅಕ್ಕ ತಂಬಿಗೆ ಹಿಡಿದು ಮುಂದೆ, ನಾನು ಹಿಂದೆ. ಹುತ್ತ ಇನ್ನೂ ಇಪ್ಪತ್ತು ಹೆಜ್ಜೆ ಇರುವಾಗ ನನ್ನ ಕಿವಿಗೆ ಸದ್ದು ಬಿತ್ತು... ಸೊರ್, ಸೊರ್, ಯಾರೋ ಬಿಸಿ ಸಾರು ಹೀರಿದಂತೆ. ಜೊತೆಗೆ ಆಗತಾನೇ ಬಗೆದ ಮಣ್ಣಿನ ವಾಸನೆ. ಕರಡಿ ಗೆದ್ದಲು ಹೀರುವ ಸದ್ದು ಅಂತ ನನಗೆ ಗೊತ್ತಿತ್ತು, ಅಕ್ಕನೇ ಹೇಳಿಕೊಟ್ಟಿದ್ದರು. ಅವರಿಗೆ ಕೇಳಿಸಲಿಲ್ಲ. ಕೂಗಿದರೆ ಹರಕೆ ಕೆಡುತ್ತದೆ. ಸೆರಗು ಹಿಡಿದೆಳೆದರೆ ತಿರುಗಿ ಹೋಗಬೇಕು, ಆಗಲೂ ಕೆಡುತ್ತದೆ. ಇನ್ನೊಂದು ಹೆಜ್ಜೆ ನೋಡೋಣ, ಅದೇ ಹೊರಟುಹೋಗಬಹುದು... ಸುಮ್ಮನೆ ನಡೆದೆ. ನನಗೆ ಅಷ್ಟು ಬೇಕಾಗಿತ್ತು ಮಗು.

ಹುತ್ತದ ಹಿಂದಿನಿಂದ ಅದು ಎದ್ದು ನಿಂತಿತು. ಮೂತಿಯ ತುಂಬ ಕೆಂಪು ಮಣ್ಣು. ಅಕ್ಕ ತಂಬಿಗೆ ಎಸೆದು, ಎರಡೂ ಕೈ ಚಾಚಿ ನನಗೆ ಅಡ್ಡ ನಿಂತರು.

"ಓಡ್ರಿ ಟೀಚರ್. ಹಿಂದಕ್ಕೆ ನೋಡಬ್ಯಾಡ್ರಿ, ಓಡ್ರಿ!"

ನಾನು ಓಡಿದೆ. ನೋಡಲಿಲ್ಲ. ಆದರೆ ಕೇಳಿಸಿತು, ಇವತ್ತಿಗೂ ಕೇಳಿಸುತ್ತದೆ.

ಊರವರು ತಮಟೆ ಬಡಿಯುತ್ತಾ ಹೋಗಿ ಅಕ್ಕನನ್ನು ಹೊತ್ತು ತಂದರು. ಜೀವ ಉಳಿಯಿತು. ಒಂದು ಕಣ್ಣು, ಅರ್ಧ ಮುಖ ಹೋಯಿತು. ನನಗೆ ಈ ಕಡೆ ವರ್ಗವಾಯಿತು, ಮಕ್ಕಳಾಗಲಿಲ್ಲ. ನೋಡಲು ಹೋದಾಗಲೆಲ್ಲ ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡು, ನನ್ನ ಕೈ ಹಿಡಿದು ಒಂದೇ ಮಾತು ಹೇಳೋರು: "ನಾ ಬಾಯಿ ಬಿಡಬಾರದಿತ್ರಿ. ನನ್ನಿಂದ ನಿಮ್ಮ ಮಡ್ಲು ತುಂಬಲಿಲ್ಲ."

ಸದ್ದು ನನಗೆ ಮೊದಲೇ ಕೇಳಿಸಿತ್ತು ಅಂತ ಹೇಳಲೇಬೇಕೆಂದು ಪ್ರತಿಸಲ ಹೋಗುತ್ತಿದ್ದೆ. ಹೇಳದೆ ವಾಪಸ್ ಬಸ್ ಹತ್ತುತ್ತಿದ್ದೆ. ಹೇಡಿ ನಾನು.

ಹೋದ ತಿಂಗಳು ಅಕ್ಕ ತೀರಿಕೊಂಡರು. ಅವರ ಸೊಸೆ ಫೋನ್ ಮಾಡಿದ್ದಳು. ಟೀಚರ್ ನನ್ನ ಕ್ಷಮಿಸ್ಯಾರೇನು ಅಂತ ಕೊನೆಗಾಲದಲ್ಲೂ ಕೇಳುತ್ತಿದ್ದರಂತೆ. ನೋಡಲಾಗದೆ, ಹೂಂ, ಕ್ಷಮಿಸ್ಯಾರೆ ಅಂತ ಇವಳೇ ಹೇಳಿದಳಂತೆ.

"ತಪ್ಪೇನಿಲ್ಲಲ್ರೀ ಟೀಚರ್?" ಅಂದಳು.

ಒಳ್ಳೇದು ಮಾಡಿದೆ ಕಣವ್ವ ಅಂದೆ.