ಸವಳು ನೀರಿಗೆ ಅಡ್ಡ ನಿಂತ ಅಕ್ಕಾತಾಯಿ

ಇಚಲಕರಂಜಿಯ ಹೊರಗೆ ಇನ್ನೂ ಮಬ್ಬುಗತ್ತಲು. ಬೋರಿನ ಮೋಟರ್ ಸುರುವಾಗಿದೆ. ಅಕ್ಕಾತಾಯಿ ಸೀರೆ ಎತ್ತಿ ಕಟ್ಟಿ, ಸಲಿಕೆಯಿಂದ ಮಣ್ಣೆಳೆದು ಗೋದಿಯ ಪಟ್ಟಿಗೆ ಹರಿವ ನೀರಿನ ಬಾಯಿ ಮುಚ್ಚುತ್ತಾಳೆ. ನೀರು ಹೊಲದೊಡೆಯನದೇ ಪಕ್ಕದ ಕಬ್ಬಿಗೆ ತಿರುಗುತ್ತದೆ; ಅಲ್ಲಿ ನೀರು ಬಸಿದು ಹೋಗುವುದರಿಂದ ಉಪ್ಪು ನಿಲ್ಲುವುದಿಲ್ಲ. ಹೊಲಕ್ಕೆ ನೀರು ಹಾಯಿಸುವವನಿಗೆ ಇಲ್ಲಿ ‘ಪಾಣಕ್ಯಾ’ ಎನ್ನುತ್ತಾರೆ. ಹೆಂಗಸಿಗೆ ಆ ಹೆಸರಿಲ್ಲ, ಕೆಲಸ ಮಾತ್ರ ಇದೆ.

ಹೊಲದೊಡೆಯ ಬಾಬಾಸಾಹೇಬ ಬೈಕು ನಿಲ್ಲಿಸಿ ನಗುತ್ತಾನೆ. “ನೀರ ಬಿಡೂ ಪಾಣಕ್ಯಾನ ನೋಡೇನಿ. ನೀರ ಕಟ್ಟೂ ಆಕೀನ ಇಲ್ಲೇ ನೋಡಾಕತ್ತೇನಿ!”

“ಬಿಟ್ಟ ನೋಡೇನಲ್ರಿ ಅಣ್ಣಾ. ಈ ಪಟ್ಟ್ಯಾಗಿನ ಕಬ್ಬ ಸುಟ್ಟ ಹೋತು.”

ತಗ್ಗಿನ ಈ ಪಟ್ಟಿಯನ್ನು ಅಕ್ಕಾತಾಯಿ ಅರ್ಧ ಪಾಲಿಗೆ ಮಾಡುತ್ತಾಳೆ. ಹೊಳೆಯ ನೀರು ಪಾಳಿಯ ಮೇಲೆ ಬರುತ್ತದೆ. ಪಾಳಿ ಗೊತ್ತುಮಾಡುವವರ ಹೊಲಗಳೆಲ್ಲ ಮೇಲಿವೆ. ಕೊನೆಯ ಈ ಹೊಲಕ್ಕೆ ಸಿಗುವುದು ಬೋರಿನ ಸವಳು ನೀರು. ವರ್ಷ ವರ್ಷ ಅದನ್ನೇ ಕುಡಿದ ನೆಲ ಸಾಲುಗಳ ದಿಂಡಿನ ಮೇಲೆ ಬೆಳ್ಳಗೆ ಉಪ್ಪು ಕಾರಿತು. ಕಬ್ಬು ಅಲ್ಲೊಂದು ಇಲ್ಲೊಂದು ಮೊಳೆಯಿತು. ಎಲೆಯ ತುದಿ ಕರಕಾಯಿತು. ಇಳುವರಿ ಅರ್ಧಕ್ಕಿಳಿಯಿತು.

ಆಗಲೇ ಆಕೆಯ ಕಣ್ಣು ಮೋಸಹೋದದ್ದು. “ಎಲಿ ಬಾಡಿದ್ರ ನೀರಡಿಸ್ಯಾವ ಅಂತ ತಿಳಕೋತೀವ್ರಿ. ಮತ್ತ ಬಿಟ್ಟೆ. ಮಣ್ಣ ಹಸೀನ ಇತ್ತು, ಬೆಳಿ ಬಾಯಾರಿ ಸತ್ತ ಹೋತು. ಉಪ್ಪ ಬೇರಿಗೆ ನೀರ ಕುಡ್ಯಾಕ ಬಿಡೂದಿಲ್ಲಂತ. ನನಗೇನ ಗೊತ್ರಿ? ನನ್ನ ಕೈಲೇ ಕೊಂದೆ.”

ಕೃಷಿ ಇಲಾಖೆಯವರು ಬಂದು ದಾರಿ ಹೇಳಿದರು. ಅಗೆದವಳು ಅಕ್ಕಾತಾಯಿ. ಬೇಸಿಗೆಯಲ್ಲಿ ಹೊಲದಂಚಿಗೆ ಮೊಣಕಾಲಾಳದ ಚರ, ನೀರು ಬಸಿಯುವ ಕಾಲುವೆ, ತೋಡಿದಳು. ಮಳೆಗಾಲದಲ್ಲಿ ಹಸಿರುಗೊಬ್ಬರದ ಗಿಡ ಬೆಳೆಸಿ ಮಣ್ಣಿಗೇ ಮುಚ್ಚಿದಳು. ಮಳೆ ನೀರು ಉಪ್ಪು ತೊಳೆದು ಚರಕ್ಕಿಳಿಯಿತು. ಈಗ ಗೋದಿ ಬೆರಳುದ್ದ ಎದ್ದಿದೆ. ಒಂದು ಸಲ ಹೊಳೆ ನೀರು ಸಿಕ್ಕರೆ ಬೇರು ಹಿಡಿದುಕೊಳ್ಳುತ್ತದೆ. ಇಲ್ಲದಿದ್ದರೆ ಪಟ್ಟಿಯ ಮಣ್ಣನ್ನು ಒಡೆಯ ಇಟ್ಟಂಗಿ ಭಟ್ಟಿಗೆ ಮಾರುತ್ತಾನೆ.

“ಭಟ್ಟಿಯವ್ರು ಮತ್ತ ಫೋನ್ ಮಾಡಿದ್ರು,” ಎನ್ನುತ್ತಾನೆ ಬಾಬಾಸಾಹೇಬ. “ಗೋದಿ ಬಾಡಿದ್ರ ನಾ ಏನ್ ಮಾಡ್ಲಿ?”

“ಮಣ್ಣ ಒಯ್ದ ಮ್ಯಾಲ ನಿಮಗ ತಗ್ಗ ಉಳೀತದ. ಅದರಾಗ ಏನ ಬಿತ್ತತೀರಿ, ಮೀನ ಏನ?”

ಬಾಬಾಸಾಹೇಬ ಬಗ್ಗಿ ಒಂದು ಸಸಿ ಮುಟ್ಟಿ ನೋಡುತ್ತಾನೆ. “ಈ ಪಾಳಿ ತನಕ ಮಣ್ಣ ಮಾರೂದಿಲ್ಲ, ತಡೀತೇನಿ,” ಎಂದು ಬೈಕು ಹತ್ತುತ್ತಾನೆ.

ಮೇಲಿನ ಹೊಲದವರನ್ನು ಒಂದು ಪಾಳಿ ಬೇಡಿಕೊಳ್ಳಬಾರದೇ ಎಂದು ಯಾರಾದರೂ ಕೇಳಿದರೆ ಅಕ್ಕಾತಾಯಿ ಸಲಿಕೆ ಊರಿ ನಿಲ್ಲುತ್ತಾಳೆ.

“ಕೇಳಾಕ ಹೊಂಟೇನ್ರಿ, ಬೇಡಾಕಲ್ಲ. ಹೊಳಿ ಏನ ಅವರಪ್ಪಂದಲ್ಲ.”