ಕೊಂಚ ತಡವಾಗಿ ಬರುತ್ತಿದ್ದ ತಂತಿ

ನಮ್ಮ ಮನೆಯ ಮುಂದಿನ ಕೋಣೆ ಒಂದು ಕಾಲಕ್ಕೆ ಹಿಟ್ಟಿನ ಗಿರಣಿಯಾಗಿತ್ತು. ನನ್ನ ಗಂಡ ನಡೆಸುತ್ತಿದ್ದರು. ಸಿದ್ಧಾರ್ಥನಗರದ ಅರ್ಧ ಜನ ಅಲ್ಲೇ ರಾಗಿ ಬೀಸಿಸಿಕೊಂಡು ಹೋಗುತ್ತಿದ್ದರು. ಆಮೇಲೆ ಪ್ಯಾಕೆಟ್ ಹಿಟ್ಟು ಬಂತು, ನನ್ನ ಗಂಡನೂ ತೀರಿಕೊಂಡರು, ಮಿಷನ್ನು ಮಾರಿದೆವು. ಮಿಷನ್ ಕೂರಿಸಿದ್ದ ಸಿಮೆಂಟು ಕಟ್ಟೆ ಮಾತ್ರ ಹಾಗೇ ಉಳಿಯಿತು. ಈಗ ಅದರ ಮೇಲೆ ಡ್ರಮ್ಮು ಕೂತಿದೆ. ಜೋರಾಗಿ ಬಾರಿಸಿದರೆ ಇವತ್ತಿಗೂ ಗೋಡೆಯ ಸಂದಿಯಿಂದ ಹಳೇ ಹಿಟ್ಟು ಉದುರುತ್ತದೆ. ಬಾರಿಸುವ ಹುಡುಗರು ಕರೀ ಬಟ್ಟೆ ಹಾಕಿಕೊಂಡು ಬರುತ್ತಾರೆ, ಹೋಗುವಾಗ ಬೂದಿ ಬಳಿದುಕೊಂಡವರ ಹಾಗೆ ಹೋಗುತ್ತಾರೆ.

ಡ್ರಮ್ಮಿನ ಮುಂದೆ ನಿಂತು ಹಾಡುವವಳು ನನ್ನ ಮಗಳು. ಅವಳ ತಲೆಯೂ ಈಗ ಬೆಳ್ಳಗಾಗಿದೆ, ಅದು ಹಿಟ್ಟಿನಿಂದಲ್ಲ. ರಾಕ್ ಹಾಡು ಅನ್ನುತ್ತಾರೆ. ಕನ್ನಡದಲ್ಲೇ ಬರೆಯುತ್ತಾಳೆ, ರಾಗವನ್ನೂ ಅವಳೇ ಹಾಕುತ್ತಾಳೆ. ಒಂದರಲ್ಲೂ ನಗು ಇಲ್ಲ. ಸಾವು, ಪಾಳುಬಾವಿ, ಬೀಗ ಹಾಕಿದ ಮನೆ, ಬರೀ ಇಂಥವೇ. ಪಕ್ಕದ ಮನೆಯಾಕೆ ಒಮ್ಮೆ ಕಾಂಪೌಂಡಿನ ಮೇಲಿಂದ ಕತ್ತು ಚಾಚಿ ಕೇಳಿದಳು.

"ಅಲ್ಲ ಕಣಮ್ಮ, ನಿಮ್ ಮಗಳು ಒಂದಾದ್ರೂ ಮದ್ವೆ ಮನೇಲಿ ಹಾಡೋವಂಥದ್ದು ಬರೀಬಾರ್ದಾ?"

"ಮದ್ವೆ ಮನೆಗೆ ನಾವಿದೀವಲ್ಲ, ಬುಡಿ. ಅವಳದು ತಿಥಿ ಮನೆ ಪಾಳಿ" ಅಂದೆ.



ಮೊದಲನೇ ತಂಡದಲ್ಲಿ ಇದ್ದವರು ಮೂರೇ ಜನ. ಹಾಡುವುದಕ್ಕೆ ಇವಳು, ಗಿಟಾರಿಗೆ ಇವಳ ತಮ್ಮ, ಅಂದರೆ ನನ್ನ ಮಗ, ಡ್ರಮ್ಮಿಗೆ ಅವನ ಕಾಲೇಜಿನ ಸ್ನೇಹಿತ. ಆ ಸ್ನೇಹಿತನನ್ನೇ ಇವಳು ಮುಂದೆ ಮದುವೆಯಾದಳು. ಅವನು ಡ್ರಮ್ಮು ಬಿಟ್ಟು ಸೋಲಾರ್ ಹೀಟರ್ ಮಾರುವ ಕೆಲಸಕ್ಕೆ ಸೇರಿದ, ಆಮೇಲೆ ಇವಳನ್ನೂ ಬಿಟ್ಟ. ಅದರಲ್ಲಿ ಬರೆಯುವಂಥದ್ದು ಏನೂ ಇಲ್ಲ. ಒಬ್ಬ ಮೊಮ್ಮಗಳು ಉಳಿದಳು, ಅಷ್ಟು ಸಾಕು.

ನನ್ನ ಮಗನ ಬೆರಳಿನ ವಿಷಯ ಹೇಳಬೇಕು. ಸಣ್ಣವನಿದ್ದಾಗ ಗಿರಣಿಯ ಬೆಲ್ಟಿಗೆ ಕೈ ಕೊಟ್ಟಿದ್ದ. ಎಡಗೈಯ ಉಂಗುರದ ಬೆರಳು ಉಳಿಯಿತು, ಆದರೆ ಬಗ್ಗುತ್ತಿರಲಿಲ್ಲ, ಕಡ್ಡಿಯ ಹಾಗೆ ನಿಂತಿರುತ್ತಿತ್ತು. ಗಿಟಾರಿನಲ್ಲಿ ಆ ಬೆರಳು ಒತ್ತಬೇಕಾದ ಕಡೆಗೆ ಅವನು ಕಿರುಬೆರಳನ್ನು ಎಳೆದು ತರುತ್ತಿದ್ದ. ಅದು ಬರುವಷ್ಟರಲ್ಲಿ ಹಾಡು ಒಂದು ಹೆಜ್ಜೆ ಮುಂದೆ ಹೋಗಿರುತ್ತಿತ್ತು. ತಂತಿ ಕೊಂಚ ತಡವಾಗಿ, ಕುಂಟಿಕೊಂಡು ಬಂದು ಸೇರಿಕೊಳ್ಳುತ್ತಿತ್ತು. ಬಸ್ಸು ಹೊರಟ ಮೇಲೆ ಓಡಿಬಂದು ಫುಟ್‌ಬೋರ್ಡಿಗೆ ಕಾಲಿಡುವವರು ಇರುತ್ತಾರಲ್ಲ, ಹಾಗೆ.

"ತಡ ಆಯ್ತಲ್ಲೋ" ಅಂತ ಅಕ್ಕ ರೇಗಿದರೆ, "ಬಂದ್ಬುಟ್ನಲ್ಲ, ಇನ್ನೇನು?" ಅನ್ನುತ್ತಿದ್ದ.

ಒಂದು ದಿನ ಬೆಳಿಗ್ಗೆ ರಿಂಗ್ ರೋಡಿನಲ್ಲಿ ಅವನ ಬೈಕಿಗೆ ಲಾರಿ ಗುದ್ದಿತು. ಆಸ್ಪತ್ರೆಗೆ ಹೋಗುವ ಪ್ರಶ್ನೆಯೂ ಬರಲಿಲ್ಲ.

ನಮ್ಮ ಕಡೆ ಸತ್ತವರ ಮುಂದೆ ಹೆಂಗಸರು ಹಾಡಿಕೊಂಡು ಅಳುತ್ತೇವೆ. ಪದ ಕಟ್ಟಿ ಅಳುವುದರಲ್ಲಿ ನನಗೆ ಊರಲ್ಲಿ ಹೆಸರಿತ್ತು, ಯಾರ ಮನೆಯಲ್ಲಿ ಸಾವಾದರೂ ಕರೆಯುತ್ತಿದ್ದರು. ನನ್ನ ಮಗನ ಮುಂದೆ ನನಗೆ ಒಂದು ಪದವೂ ಬರಲಿಲ್ಲ. ಗೋಡೆಗೆ ಒರಗಿಕೊಂಡು ಕೂತಿದ್ದೆ. ಕಟ್ಟಿದವಳು ಮಗಳು. ಒಂದು ತಿಂಗಳು ಗಿರಣಿ ಕೋಣೆಯಿಂದ ಹೊರಗೆ ಬರದೆ ಒಂದು ಹಾಡು ಬರೆದಳು. 'ಬಾಗಿಲು ಹಾಕಬೇಡ, ಒಳಗಿರುವ ಕತ್ತಲಿಗೆ ಭಯ' ಅಂತ ಶುರುವಾಗುತ್ತದೆ. ತಮ್ಮನ ಬಗ್ಗೆ ಒಂದು ಅಕ್ಷರ ಇಲ್ಲ ಅದರಲ್ಲಿ. ಆದರೆ ಅವನು ಹಿಂದೆ ಯಾವಾಗಲೋ ನುಡಿಸಿಕೊಂಡಿದ್ದ ಗಿಟಾರಿನ ರಾಗದ ಒಂದು ತುಂಡನ್ನು ಹಾಡಿನ ನಡುವೆ ಇಟ್ಟಿದ್ದಳು, ಕುಂಟಿನ ಸಮೇತ.

ಆ ಹಾಡೇ ಅವಳನ್ನು ಹೊರಗೆ ಕರೆದುಕೊಂಡು ಹೋಯಿತು. ಕಾಲೇಜುಗಳಿಗೆ ಕರೆದರು, ಬೆಂಗಳೂರಿಗೆ ಕರೆದರು, ಒಮ್ಮೆ ಗೋವಾದಿಂದಲೂ ಕರೆ ಬಂತು. ಪೇಪರಿನಲ್ಲಿ ಫೋಟೋ ಹಾಕಿದರು. ಎಲ್ಲಿ ಹೋದರೂ ಅದೇ ಹಾಡು ಕೇಳುತ್ತಿದ್ದರು. ದೊಡ್ಡ ಹೆಸರು ಅಂತ ಹೇಳಲಾರೆ. ಮಾರ್ಕೆಟ್ಟಿನಲ್ಲಿ ಯಾರೂ ಗುರುತು ಹಿಡಿಯುವುದಿಲ್ಲ. ಆದರೆ ಎಲ್ಲೋ ಒಂದೊಂದು ಸಲ ಗಡ್ಡ ಬಿಟ್ಟ ಹುಡುಗನೊಬ್ಬ ನಮ್ಮ ಗೇಟಿನ ಮುಂದೆ ಬಂದು ಸುಮ್ಮನೆ ನಿಂತಿರುತ್ತಾನೆ. ಏನಪ್ಪಾ ಅಂದರೆ ಕಣ್ಣೊರೆಸಿಕೊಳ್ಳುತ್ತಾನೆ. ಕಾಫಿ ಕೊಟ್ಟು ಕಳಿಸುತ್ತೇನೆ.

ಅವಳ ಹಿಂದೆ ನುಡಿಸುವವರು ಮಾತ್ರ ಉಳಿಯಲಿಲ್ಲ. ಎಲ್ಲಾ ಓದುವ ಹುಡುಗರು. ಸರಸ್ವತಿಪುರಂನಲ್ಲಿ ರೂಮು ಮಾಡಿಕೊಂಡಿದ್ದವರು, ಹಾಸ್ಟೆಲಿನವರು. ಬರುತ್ತಾರೆ, ನನ್ನ ಕೈಯ ಉಪ್ಪಿಟ್ಟು ತಿನ್ನುತ್ತಾರೆ, ಕೋರ್ಸು ಮುಗಿಯುತ್ತದೆ, ಕಾಲಿಗೆ ಬಿದ್ದು ಹೋಗುತ್ತಾರೆ. ಮತ್ತೊಂದು ತಂಡ ಬರುತ್ತದೆ. ಅವರ ವಯಸ್ಸು ಯಾವಾಗಲೂ ಅಷ್ಟೇ, ಇವಳದು ಮಾತ್ರ ಏರುತ್ತಾ ಹೋಯಿತು. ಮೊದಲು ಅಕ್ಕ ಅನ್ನುತ್ತಿದ್ದರು, ಆಮೇಲೆ ಮೇಡಂ, ಈಗ ಆಂಟಿ.

ಕೋರ್ಸು ಮುಗಿಯುವ ಮೊದಲೇ ಓಡಿಹೋದವರೂ ಇದ್ದಾರೆ. ಅವರೆಲ್ಲ ಗಿಟಾರಿನವರೇ. ಅದಕ್ಕೆ ಕಾರಣ ಆ ತುಂಡು. ಇವಳು ಯಾರಿಗೂ ಅದನ್ನು ಅವರ ಪಾಡಿಗೆ ನುಡಿಸಲು ಬಿಡಲಿಲ್ಲ. ಹತ್ತು ಬೆರಳೂ ಸರಿಯಾಗಿ ಬಗ್ಗುವ ಹುಡುಗರು ಬೆರಳು ಸತ್ತವನ ಹಾಗೆ ನುಡಿಸಬೇಕು. ನನ್ನ ಅಡುಗೆಮನೆ ಗೋಡೆಯ ಆಚೆಗೇ ಗಿರಣಿ ಕೋಣೆ. ಸಾರಿಗೆ ಒಗ್ಗರಣೆ ಹಾಕುತ್ತಾ ಕೇಳಿಸಿಕೊಂಡಿದ್ದೇನೆ.

"ಅಂಗಲ್ಲ ಕಣೋ, ಇಂಗೆ. ಬೇಗ ಬಂದೆ."

"ಟೈಮಿಗೇ ಬಂದೆ, ಮೇಡಂ."

"ಟೈಮಿಗೆ ಬರ್ಬೇಡ ಅಂತ ತಾನೇ ಹೇಳ್ತಿರೋದು? ಇನ್ನೊಂದ್ಸಲ."

ಒಬ್ಬ ಮಂಡ್ಯದ ಹುಡುಗ ತಟ್ಟೆ ಹಿಡಿದುಕೊಂಡು ಅಡುಗೆಮನೆಗೇ ಬಂದ. "ಅಜ್ಜಿ, ಕಾಲೇಜಿಗೆ ತಡ ಆದ್ರೆ ಅಲ್ಲಿ ಬಯ್ತಾರೆ, ಇಲ್ಲಿ ತಡ ಆಗ್ದಿದ್ರೆ ನಿಮ್ ಮಗಳು ಬಯ್ತಾರೆ. ಎಲ್ಲಿಗೆ ಸಾಯ್ಲಿ?" ಅಂದ. "ಮೊದ್ಲು ತಿನ್ನು, ಆಮೇಲೆ ಸಾಯೀವಂತೆ" ಅಂದೆ. ಒಳ್ಳೆ ಹುಡುಗ. ಮುಂದಿನ ವಾರ ಬರಲಿಲ್ಲ.

ಕಡೆಗೆ ಗಿಟಾರಿಗೆ ನಿಂತವಳು ನನ್ನ ಮೊಮ್ಮಗಳು. ಮಾವನ ಮುಖವನ್ನೇ ನೋಡದವಳು ಮಾವನ ಗಿಟಾರನ್ನು ಎತ್ತಿಕೊಂಡಳು. ಯಾರೂ ಕಲಿಸಲಿಲ್ಲ, ಫೋನು ನೋಡಿಕೊಂಡೇ ಕಲಿತಳು. ಕೈ ಚುರುಕು. ಮಗಳ ಮುಖದಲ್ಲಿ ಬಹಳ ದಿನದ ಮೇಲೆ ಒಂದು ನೆಮ್ಮದಿ ಕಂಡೆ. ಇವಳಾದರೂ ಬಿಟ್ಟು ಹೋಗುವುದಿಲ್ಲ ಅಂತ ಅವಳ ಲೆಕ್ಕ.

ಇಬ್ಬರೂ ಒಂದೇ ಹಟದವರು. ಮೊಮ್ಮಗಳು ಒಂದು ವರ್ಷ ಅಮ್ಮ ಹೇಳಿದ ಹಾಗೇ ಕುಂಟಿದಳು. ಆಮೇಲೆ ಒಂದು ಭಾನುವಾರ ಬೆಳಿಗ್ಗೆ ಗಿರಣಿ ಕೋಣೆಯಲ್ಲಿ ಕೂಗಾಟ ಶುರುವಾಯಿತು.

"ನಾನ್ಯಾರು ಹೇಳಮ್ಮ? ನಿನ್ ಮಗಳಾ, ನಿನ್ ತಮ್ಮನಾ? ಅವ್ರ ಗಿಟಾರು ನುಡಿಸ್ತೀನಿ, ಅವ್ರ ಬೆರಳು ಎಲ್ಲಿಂದ ತರ್ಲಿ?"

"ಇಷ್ಟ ಇಲ್ದಿದ್ರೆ ಹೋಗು."

"ಹೋಗ್ತೀನಿ. ಕುವೆಂಪುನಗರದ ತಂಡದವ್ರು ಎರಡು ತಿಂಗಳಿಂದ ಕರೀತಿದಾರೆ. ಅಲ್ಲಿ ಯಾರೂ ಸತ್ತಿಲ್ಲ!"

ಮೊಮ್ಮಗಳು ಗಿಟಾರನ್ನು ಚೀಲಕ್ಕೆ ಹಾಕಿಕೊಂಡು ಬಂದು ಸ್ಕೂಟರಿನ ಮೇಲೆ ಇಟ್ಟಳು. ಬಟ್ಟೆಯ ಬ್ಯಾಗೂ ಇತ್ತು. ಅವಳು ಹೋದರೆ ಅವಳಮ್ಮನ ಕೈಯಿಂದ ತಂಡ ಒಂದೇ ಹೋಗುವುದಿಲ್ಲ, ಹೆತ್ತ ಮಗಳೇ ಹೋಗುತ್ತಾಳೆ. ಅದು ನನಗೆ ಗೊತ್ತಿತ್ತು, ಒಳಗೆ ಕೂತಿದ್ದವಳಿಗೂ ಗೊತ್ತಿತ್ತು. "ಗೇಟು ದಾಟಿದ್ರೆ ಕಾಲು ಮುರೀತೀನಿ, ಅಲ್ಲೇ ನಿಂತಿರು" ಅಂತ ಮೊಮ್ಮಗಳಿಗೆ ಹೇಳಿ ಒಳಗೆ ಹೋದೆ.

ಮಗಳು ಸಿಮೆಂಟು ಕಟ್ಟೆಯ ಅಂಚಿನಲ್ಲಿ ಕೂತಿದ್ದಳು. ನಾನು ನಾಲ್ಕನೇ ಕ್ಲಾಸಿನವಳು, ಅವಳ ಸಂಗೀತ ನನಗೆ ತಿಳಿಯುವುದಿಲ್ಲ. ಆದರೆ ಊರಿನಲ್ಲಿ ಸೋಬಾನೆ ಹಾಡಿದ್ದೇನೆ. ಅದರಲ್ಲಿ ಒಬ್ಬಳು ಮುಂದೆ ಹೇಳುತ್ತಾಳೆ, ಉಳಿದವರು ಅದನ್ನೇ ಹಿಂದಿನಿಂದ ಎತ್ತಿಕೊಳ್ಳುತ್ತಾರೆ. ಸೊಲ್ಲು ಹಿಡಿಯುವುದು ಅನ್ನುತ್ತೇವೆ. ನನಗೆ ಸೊಲ್ಲು ಹಿಡಿಯುತ್ತಿದ್ದವಳು ನನ್ನ ವಾರಗಿತ್ತಿ, ನನ್ನ ಗಂಡನ ತಮ್ಮನ ಹೆಂಡತಿ. ಜೇನಿನಂಥ ಗಂಟಲು. ಹೆರಿಗೆಯಲ್ಲಿ ಹೋದಳು. ಅವಳ ಜಾಗಕ್ಕೆ ಬಂದವಳದು ಕಪ್ಪೆಯಂಥ ದನಿ.

"ಆ ಕಪ್ಪೆಗೆ ನಾನು 'ಸತ್ತವಳಂಗೆ ಹಾಡು' ಅಂದ್ನಾ?" ಅಂತ ಕೇಳಿದೆ. "ಅವಳ ಗಂಟಲಲ್ಲೇ ಹಾಡಿದ್ಲು. ಹಾಡು ನಿಂತೋಯ್ತಾ? ನಿನ್ ತಮ್ಮಂಗೆ ಬೆರಳು ಬಗ್ತಿರ್ಲಿಲ್ಲ ಕಣೆ, ಅದಕ್ಕೆ ತಡ ಆಗ್ತಿತ್ತು. ಬಗ್ಗಿದ್ರೆ ಅವನೂ ನೆಟ್ಟಗೇ ನುಡಿಸ್ತಿದ್ದ."

"ನಂಗೊತ್ತಿಲ್ವೇನವ್ವ?" ಅಂದಳು. "ಗೊತ್ತಿದ್ದೇ ಇಟ್ಕೊಂಡಿದ್ದು. ಅದೊಂದ್ ಬುಟ್ರೆ ಅವನದು ಇನ್ನೇನು ಉಳೀತದೆ?"

"ಉಳಿದಿರೋಳು ಗೇಟಲ್ಲಿ ನಿಂತವ್ಳೆ. ಅವಳನ್ನ ನೋಡು. ಹೋದವನ ಬೆರಳು ಇಟ್ಕೊಂಡು ಇರೋಳ್ನ ಕಳೀಬೇಡ."

ಮಗಳು ಆಮೇಲೆ ಎದ್ದು ಬಾಗಿಲಿಗೆ ಹೋಗಿ, ಮೊಮ್ಮಗಳ ಮುಖ ನೋಡದೆ, "ಬಾ. ನಿಂಗೆ ಹೆಂಗ್ ಬರುತ್ತೋ ಹಂಗೇ ನುಡಿಸು" ಅಂದಳು.

ನಾನು ಗೆದ್ದವಳ ಹಾಗೆ ಅಡುಗೆಮನೆಗೆ ಬಂದೆ. ಅವರೆಕಾಳಿನ ಕಾಲ. ನೆನೆಸಿಟ್ಟ ಕಾಳನ್ನು ಹಿತುಕುತ್ತಾ ಕೂತೆ. ಡ್ರಮ್ಮಿನ ಹುಡುಗ ಬಂದ, ಗೋಡೆಯ ಆಚೆ ಡ್ರಮ್ಮು ಶುರುವಾಯಿತು, ಮಗಳು ಹಾಡಿದಳು, ಬಾಗಿಲು ಹಾಕಬೇಡ ಅಂತ. ಕಾಳಿನ ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ ಬೀಳುತ್ತಿತ್ತು. ಗಿಟಾರಿನ ತುಂಡು ಬಂತು. ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಸಲೀಸಾಗಿ ಹೋಯಿತು.

ನನ್ನ ಕೈ ನಿಂತಿತ್ತು.

ಯಾಕೆ ನಿಂತಿತು ಅಂತ ಮೊದಲು ತಿಳಿಯಲಿಲ್ಲ. ಆಮೇಲೆ ತಿಳಿಯಿತು. ನಾನು ಕಾಯುತ್ತಿದ್ದೆ. ಓಡಿಬಂದು ಬಸ್ಸು ಹತ್ತುವವನಿಗಾಗಿ ಕಾಯುತ್ತಿದ್ದೆ. ಇಷ್ಟು ವರ್ಷವೂ ಈ ಮಣೆಯ ಮೇಲೆ ಕೂತು, ಒಲೆಯ ಮುಂದೆ ನಿಂತು, ಅದೊಂದು ಜಾಗಕ್ಕೆ ನನ್ನ ಕೈ ನಿಲ್ಲುತ್ತಿತ್ತು, ತಂತಿ ತಡವಾಗಿ ಬರುತ್ತಿತ್ತು, ಕೈ ಮತ್ತೆ ಕೆಲಸಕ್ಕೆ ಹೋಗುತ್ತಿತ್ತು. ಅದು ನನಗೇ ಗೊತ್ತಿರಲಿಲ್ಲ. ಯಾವ ಹುಡುಗ ನುಡಿಸಿದರೇನು, ಗೋಡೆಯ ಆಚೆ ಇದ್ದವನು ನನ್ನ ಮಗ. ಬಂದ್ಬುಟ್ನಲ್ಲ, ಇನ್ನೇನು ಅನ್ನುತ್ತಿದ್ದ. ಅವತ್ತು ಬರಲಿಲ್ಲ. ಹಾಡು ಅವನನ್ನು ಬಿಟ್ಟು ಮುಂದೆ ಹೋಯಿತು.

ಅವನು ಹೋದ ದಿನ ಬಾರದ ಅಳು ಆಗ ಬಂತು. ಪದ ಇಲ್ಲ, ರಾಗ ಇಲ್ಲ, ದನ ಅರಚಿದ ಹಾಗೆ. ಡ್ರಮ್ಮಿನ ಸದ್ದಿಗೆ ಯಾರಿಗೂ ಕೇಳಲಿಲ್ಲ.

ಹಾಡು ಮುಗಿದ ಮೇಲೆ ಮೊಮ್ಮಗಳು ಓಡಿಬಂದಳು, ಮುಖವೆಲ್ಲ ಬೆವರು. "ಹೆಂಗಿತ್ತಜ್ಜಿ?"

"ನೆಟ್ಟಗಿತ್ತು" ಅಂದೆ.

"ಯಾಕಜ್ಜಿ, ಕಣ್ಣು?"

"ಅವರೆ ಸಿಪ್ಪೆ ಸಿಡೀತು. ಹೋಗು, ನೀರು ಕುಡಿ."

ಅವಳ ಹಿಂದೆ ಮಗಳು ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಸಿಪ್ಪೆಯ ಕಥೆ ಹೇಳಲು ಆಗಲಿಲ್ಲ. ಬಂದು ಪಕ್ಕದಲ್ಲಿ ಕೂತು ತಾನೂ ಒಂದು ಹಿಡಿ ಕಾಳು ತೆಗೆದುಕೊಂಡಳು. "ನೀನೇ ಹೇಳಿದ್ದಲ್ವೇನವ್ವ" ಅಂದಳು, ಮೆಲ್ಲಗೆ.

"ಹೂಂ. ನಾನೇ ಹೇಳಿದ್ದು. ಸರಿಯಾಗೇ ಹೇಳಿದ್ದು."

ನಾನು ಅತ್ತದ್ದು ಯಾಕೆ ಅಂತ ಮೊಮ್ಮಗಳಿಗೆ ಆಮೇಲೆ ಹೇಗೋ ತಿಳಿಯಿತು. ಮಾವ ನುಡಿಸಿದ ಹಳೇ ರೆಕಾರ್ಡಿಂಗು ಫೋನಿನಲ್ಲಿ ಇದೆ, ಹಾಕಿಕೊಡುತ್ತೇನೆ ಅಂದಳು. ಬೇಡ ಅಂದೆ. ಕೈಯಲ್ಲಿ ಹಿಡಿದುಕೊಂಡು ಕೇಳಿದರೆ ಅವನು ಸತ್ತವನೇ. ಗೋಡೆಯ ಆಚೆಯಿಂದ ಬರಬೇಕಿತ್ತು.

ಮೊಮ್ಮಗಳು ಮನೆಯಲ್ಲೇ ಇದ್ದಾಳೆ, ತಂಡವೂ ಉಳಿದಿದೆ. ಹೋದ ತಿಂಗಳು ಅವರ ಪ್ರೋಗ್ರಾಂ ಆಯಿತು, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ. ದಿನಾ ಸಾಯಂಕಾಲ ನಾನು ಅಡುಗೆಮನೆಯಲ್ಲಿ ಇರುತ್ತೇನೆ. ಆ ಜಾಗ ಬಂದಾಗ ಕೈ ನಿಲ್ಲುತ್ತದೆ. ಹಾಡು ನಿಲ್ಲುವುದಿಲ್ಲ.