ಸೀನಪ್ಪ ಸಾಕಿದ ಹುಳುಗಳು

ಬೇಕರಿಯವನನ್ನು ಬೀದಿಯವರೆಲ್ಲ ಸೀನಪ್ಪ ಎಂದೇ ಕರೆಯುತ್ತಿದ್ದರು. ಹೆತ್ತವರಿಟ್ಟ ಹೆಸರಲ್ಲ, ಅವನ ಮೂಗು ಗಳಿಸಿಕೊಟ್ಟದ್ದು. ಮೈದಾ ಚೀಲದ ಬಾಯಿ ಬಿಚ್ಚಿದರೆ ಸಾಕು, ಒಂದರ ಹಿಂದೊಂದು ಹನ್ನೆರಡು ಸೀನು, ಆಮೇಲೆ ಉಬ್ಬಸ. ಹಿಟ್ಟಿನ ಧೂಳು ಆಗುವುದಿಲ್ಲವೆಂದು ಮೂರು ವರ್ಷದ ಹಿಂದೆಯೇ ಡಾಕ್ಟರು ಮಾಸ್ಕುಗಳ ಪೊಟ್ಟಣ ಕೊಟ್ಟಿದ್ದರು. ಇವನು ಅದನ್ನು ಬಿಚ್ಚದೆ ಕಪಾಟಿಗೆ ತಳ್ಳಿದ. "ಬ್ರೆಡ್ ಮಾಡೋನು ಮೂತಿ ಮುಚ್ಕೊಂಡು ನಿಂತ್ರೆ ಗಿರಾಕಿಗಳು ಏನಂದ್ಕೋತಾರೆ?" ಬ್ರೆಡ್ಡಿನ ಮೇಲೆ ಸೀನಿದರೆ ಏನಂದುಕೊಳ್ಳುತ್ತಾರೆ ಎಂಬುದು ಮಾತ್ರ ಮಹಾಶಯನಿಗೆ ಹೊಳೆಯಲೇ ಇಲ್ಲ.

ಈ ವರ್ಷ ಡಾಕ್ಟರು ಕಡ್ಡಿ ಮುರಿದಂತೆ ಹೇಳಿಬಿಟ್ಟರು: "ಹೀಗೇ ಇದ್ರೆ ಬೇಕರಿ ಕೆಲಸ ಬಿಡಬೇಕಾಗುತ್ತೆ." ಹದಿನಾರನೇ ವಯಸ್ಸಿನಿಂದ ಹಿಟ್ಟು ನಾದಿದ ಕೈಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಫೋನಿನಲ್ಲಿ ತಡಕಾಡುತ್ತ ಕೂತ. ಹೊಟ್ಟೆಯಲ್ಲಿ ಕೊಕ್ಕೆಹುಳು ಸಾಕಿಕೊಂಡರೆ ಅಲರ್ಜಿ ಬಾಲ ಮುದುರಿಕೊಂಡು ಓಡುತ್ತದೆ ಎಂದು ಯಾವನೋ ಬರೆದಿದ್ದ. ಇದಿನ್ನೂ ಸಾಬೀತಾಗಿಲ್ಲ ಎಂದು ಕೆಳಗೆ ಸಣ್ಣಕ್ಷರದಲ್ಲಿ ಇದ್ದುದನ್ನು ಓದಲು ಇವನಿಗೆಲ್ಲಿ ಪುರುಸೊತ್ತು? ಒಂದು ಬಾಟಲಿ ಹುಳುಮರಿಗಳಿಗೆ ಆರ್ಡರ್ ಹಾಕಿಯೇಬಿಟ್ಟ.

ಹೆಂಡತಿ ಶಾಲೆಯ ನರ್ಸು, ವರ್ಷಕ್ಕೆರಡು ಸಲ ಮುನ್ನೂರು ಮಕ್ಕಳಿಗೆ ಜಂತುಹುಳದ ಮಾತ್ರೆ ನುಂಗಿಸುವವಳು. "ನಾನು ಹುಳ ಓಡಿಸ್ತೀನಿ, ನೀವು ಪಾರ್ಸೆಲ್ ತರಿಸ್ಕೊಂಡು ಸಾಕ್ತೀರಾ?" ಎಂದಳು. ಇವನು ಕಿವಿಗೇ ಹಾಕಿಕೊಳ್ಳಲಿಲ್ಲ.

ಪಾರ್ಸೆಲ್ ಬಂದಾಗ ಇವನು ಬೇಕರಿಯಲ್ಲಿದ್ದ. ಅವಳೇ ಸಹಿ ಹಾಕಿ ತೆಗೆದುಕೊಂಡಳು. ಸಂಜೆ ಬಂದು ನೋಡಿದರೆ ಬೆರಳುದ್ದದ ಬಾಟಲಿ, ಬ್ಯಾಂಡೇಜು, ಮಾಸ್ಕುಗಳು, ಸೂಚನೆಯ ಹಾಳೆ. ಹಾಳೆಯ ಕೊನೆಗೆ ಪೆನ್ನಿನಲ್ಲಿ ಬರೆದ ಒಂದು ಸಾಲು: ಹುಳುಗಳಿಗೆ ಹಿಟ್ಟಿನ ಧೂಳು ಆಗದು, ಕೆಲಸದ ಹೊತ್ತಿನಲ್ಲಿ ಮಾಸ್ಕ್ ತೆಗೆಯಲೇಬಾರದು.

ಕಣ್ಣಿಗೆ ಕಾಣದ ಮರಿಗಳು ಚರ್ಮ ಕೊರೆದು ಹೊಟ್ಟೆ ಸೇರುತ್ತವೆ ಎಂದು ಹಾಳೆಯಲ್ಲಿದ್ದಂತೆ, ಬಾಟಲಿಯ ನೀರನ್ನು ಬ್ಯಾಂಡೇಜಿಗೆ ಸುರಿದು ತೋಳಿಗೆ ಅಂಟಿಸಿಕೊಂಡ. ಹತ್ತೇ ನಿಮಿಷಕ್ಕೆ "ತುರಿಸ್ತಿದೆ ಕಣೆ, ಒಳಗೆ ಇಳೀತಿವೆ" ಎಂದು ಹಿಗ್ಗಿದ. ಮಾರನೆಯ ದಿನದಿಂದ ಮಾಸ್ಕು ಮೂಗಿನಿಂದ ಇಳಿಯಲಿಲ್ಲ. ಗಿರಾಕಿಗಳು ಏನಾದರೂ ಅಂದುಕೊಳ್ಳಲಿ, ಒಳಗಿರುವವರಿಗೆ ತೊಂದರೆಯಾಗಬಾರದು. ವಾರದಲ್ಲಿ ಸೀನು ನಿಂತಿತು, ತಿಂಗಳಲ್ಲಿ ಉಬ್ಬಸವೂ ಇಳಿಯಿತು. ಹೊಟ್ಟೆ ಗುರುಗುಟ್ಟಿದರೆ "ಹಸಿದಿವೆ, ಪಾಪ" ಎಂದು ಒಂದು ಬನ್ನು ಹೆಚ್ಚಿಗೆ ತಿನ್ನುತ್ತಿದ್ದ. ದಾರಿಯಲ್ಲಿ ಡಾಕ್ಟರು ಕಂಡರೆ ಎದೆಯುಬ್ಬಿಸಿಕೊಂಡು ನಡೆಯುತ್ತಿದ್ದ.

ಅಲ್ಲಿಗೇ ನಿಂತಿದ್ದರೆ ಹೆಂಡತಿ ಬಾಯಿ ಬಿಡುತ್ತಿರಲಿಲ್ಲ. ಎರಡು ತಿಂಗಳಾದ ಮೇಲೆ ಒಂದು ಸಂಜೆ ಇವನು, "ಮಗಳಿಗೂ ಯಾವಾಗಲೂ ಮೂಗು ಸೋರುತ್ತೆ, ಅವಳಿಗೂ ಒಂದು ಬಾಟಲಿ ತರಿಸ್ತೀನಿ" ಎಂದು ಫೋನು ಎತ್ತಿಕೊಂಡ.

ಹೆಂಡತಿ ಫೋನು ಕಿತ್ತುಕೊಂಡಳು. "ನಿಮ್ಮ ಹುಳುಗಳಿಗೆ ಪಾರ್ಸೆಲ್ ಬಂದ ದಿನಾನೇ ಕುದಿಯೋ ನೀರು ಸುರಿದೆ. ಬಾಟಲಿಯಲ್ಲಿ ಇದ್ದದ್ದು ನಲ್ಲಿ ನೀರು. ಮಾಸ್ಕು ಡಾಕ್ಟರು ಕೊಟ್ಟಿದ್ದೇ."

ಅವನು ಸೂಚನೆಯ ಹಾಳೆಯನ್ನು ಹುಡುಕಿ ತೆಗೆದ. ಹತ್ತೊಂಬತ್ತು ವರ್ಷ ದಿನಸಿ ಚೀಟಿಯಲ್ಲಿ ನೋಡಿದ ಅದೇ ಅಕ್ಷರ. ಇಲ್ಲದ ಹುಳುಗಳಿಗೆ ಬನ್ನು ಹಾಕಿ ಸಾಕಿದ್ದು ನೆನಪಾಗಿ ನಾಚಿಕೆಯಿಂದ ಕುಗ್ಗಿಹೋದ.

"ಇಷ್ಟೆಲ್ಲ ನಾಟಕ ಯಾಕೆ? ಮಾಸ್ಕ್ ಹಾಕ್ಕೊಳ್ಳಿ ಅಂತ ನೀನು ಹೇಳಿದ್ರೆ ಹಾಕ್ಕೋತಿರ್ಲಿಲ್ವಾ?"

"ನಿಮಗೋಸ್ಕರ ಹಾಕ್ಕೊಳ್ಳಿ ಅಂತ ಮೂರು ವರ್ಷ ಹೇಳಿದೆ," ಎಂದಳು ಅವಳು. "ಹುಳುಗಳಿಗೋಸ್ಕರ ಅಂದಾಗ ಕೇಳಿದ್ರಿ."